ಬಿಳಿ ಕಿಟಕಿ ಹಳದಿಯಾಗಿದೆಯಾ? ಬ್ಲೀಚ್ ಡಬ್ಬಿ ತೆಗೆಯುವ ಮುಂಚೆ ಇದನ್ನು ಓದಿ

ಬಳ್ಳಾರಿಯಲ್ಲಿ ಬಿಳಿ ಯುಪಿವಿಸಿ, ಅಂದರೆ ಗಟ್ಟಿ ಪಿವಿಸಿ ಪ್ಲಾಸ್ಟಿಕ್ಕಿನ ಕಿಟಕಿ ಹಾಕಿಸಿದವರದ್ದೆಲ್ಲ ಒಂದೇ ಗೋಳು. ಹಾಕಿಸಿದ ಹೊಸದರಲ್ಲಿ ಬೆಳ್ಳಗೆ ಫಳಫಳ ಅಂತಿತ್ತು, ಕೆಲವು ಬೇಸಿಗೆ ಕಳೆಯುವುದರೊಳಗೆ ಹಳದಿ ತಿರುಗಿತು, ಈಗ ಏನು ಹಚ್ಚಿ ತಿಕ್ಕಿದರೂ ಹೋಗುತ್ತಿಲ್ಲ. ಮೊದಲು ಕೈ ಹೋಗುವುದು ಬ್ಲೀಚಿಂಗ್ ಪೌಡರ್ ಕಡೆ. ಅದರಲ್ಲಿ ಆಗಲಿಲ್ಲ ಅಂದರೆ ಬಾತ್‌ರೂಮ್ ಆಸಿಡ್, ಅದರಲ್ಲೂ ಆಗಲಿಲ್ಲ ಅಂದರೆ ಪೇಂಟ್ ಅಂಗಡಿಯ ಥಿನ್ನರ್. ಈ ಮೂರನ್ನೂ ಪಕ್ಕಕ್ಕಿಡಿ. ಕಿಟಕಿ ಹಳದಿಯಾಗುವುದಕ್ಕೆ ಐದಾರು ಕಾರಣ ಇವೆ, ಒಂದೊಂದಕ್ಕೂ ಮದ್ದು ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿದರೆ ಕಲೆ ಹೋಗುವ ಬದಲು ಗಟ್ಟಿಯಾಗಿ ಕೂತುಬಿಡುತ್ತದೆ. ಅದರಲ್ಲೂ ನಮ್ಮ ಕಡೆ ಧೂಳಿನಲ್ಲೇ ಕಬ್ಬಿಣ ಇದೆ. ಬೇರೆ ಊರಿನವರು ವಿಡಿಯೋದಲ್ಲಿ ತೋರಿಸುವ ಉಪಾಯ ಇಲ್ಲಿ ಇದ್ದ ಹಾಗೇ ನಡೆಯುವುದಿಲ್ಲ.

ಯಾವ ಹಳದಿ ಅಂತ ಮೊದಲು ನೋಡಿ

ಸ್ಲೈಡಿಂಗ್ ಕಿಟಕಿಯಾದರೆ ಒಂದು ಶಟರ್ ಪೂರ್ತಿ ಸರಿಸಿ. ಮುಚ್ಚಿದಾಗ ಶಟರಿನ ಹಿಂದೆ ಅಡಗಿರುವ ಚೌಕಟ್ಟಿನ ಭಾಗ ಈಗ ಕಾಣುತ್ತದೆ. ಅಲ್ಲಿ ಬಿಸಿಲೂ ಬಿದ್ದಿರುವುದಿಲ್ಲ, ಕೈಯೂ ತಾಗಿರುವುದಿಲ್ಲ, ಹಾಗಾಗಿ ಅದೇ ನಿಮ್ಮ ಕಿಟಕಿಯ ಅಸಲಿ ಬಣ್ಣ. ಕೆಲವು ಕಂಪನಿಗಳ ಪಟ್ಟಿ (ಚೌಕಟ್ಟು ಮಾಡುವ ಉದ್ದನೆಯ ಪ್ಲಾಸ್ಟಿಕ್ ಪಟ್ಟಿ) ಹುಟ್ಟುತ್ತಲೇ ಸ್ವಲ್ಪ ಕೆನೆಬಣ್ಣ ಇರುತ್ತದೆ, ಅದನ್ನು ಹಳದಿಯಾಗಿದೆ ಅಂತ ತಿಳಿದು ಸುಮ್ನೆ ತಿಕ್ಕುತ್ತಾ ಕೂತರೆ ಕೈ ನೋವೇ ಲಾಭ.

ಈಗ ಹಳೇ ಬಿಳಿ ಬನಿಯನ್ ತುಂಡನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ಅದ್ದಿ, ಹಿಂಡಿ, ಹೊರಗಿನ ಚೌಕಟ್ಟಿನ ಮೇಲೆ ಅಂಗೈ ಅಗಲದ ಜಾಗವನ್ನು ಒಂದು ನಿಮಿಷ ಒರೆಸಿ. ಬಟ್ಟೆ ಕೊಳೆಯಾಗಿ, ಕೆಳಗೆ ಬಿಳಿ ಕಂಡರೆ ಅದು ಬರೀ ಕೊಳೆ, ಅರ್ಧ ದಿನದ ಕೆಲಸ ಅಷ್ಟೇ. ಬಟ್ಟೆ ಬೆಳ್ಳಗೇ ಇದ್ದು ಹಳದಿ ಹಾಗೇ ನಿಂತರೆ ಪ್ಲಾಸ್ಟಿಕ್ಕೇ ಬಣ್ಣ ತಿರುಗಿದೆ. ಗ್ರಿಲ್ಲಿನ ಕೆಳಗೆ ಅಥವಾ ಸ್ಕ್ರೂ ಕೆಳಗೆ ಗೆರೆ ಎಳೆದ ಹಾಗೆ ಕಂದುಹಳದಿ ಇಳಿದಿದ್ದರೆ ತುಕ್ಕು. ಅಡುಗೆಮನೆ ಕಿಟಕಿ ಮುಟ್ಟಿದರೆ ಅಂಟುತ್ತಿದ್ದರೆ ಒಗ್ಗರಣೆ ಜಿಡ್ಡು. ಹಳದಿಯ ಅಂಚು ಸ್ಕೇಲ್ ಇಟ್ಟಂತೆ ನೇರವಾಗಿದ್ದರೆ ಅದು ಅಂಟು: ಫ್ರೇಮ್ ಮೇಲಿನ ರಕ್ಷಣೆ ಕವರನ್ನು ಹೊಸದಾಗಿ ಇರಲಿ ಅಂತ ವರ್ಷಗಟ್ಟಲೆ ಬಿಟ್ಟಿರುತ್ತಾರಲ್ಲ, ಅದು ಬಿಸಿಲಿಗೆ ಬೆಂದು ಉಳಿಸಿಹೋದದ್ದು. ನಮ್ಮಲ್ಲಿ ಹೊಸ ಫ್ರಿಜ್ಜಿನ ಕವರ್ ತೆಗೆಯುವುದಕ್ಕೇ ಮನಸ್ಸು ಬರುವುದಿಲ್ಲ, ಇನ್ನು ಕಿಟಕಿಯದ್ದು ತೆಗೆಯುತ್ತಾರಾ?

ಒಂದೇ ಕಿಟಕಿಯಲ್ಲಿ ಇವುಗಳಲ್ಲಿ ಎರಡು ಮೂರು ಸೇರಿಕೊಂಡಿರುವುದೇ ಜಾಸ್ತಿ. ಅದಕ್ಕೇ ಕೆಲಸದ ಕ್ರಮ ಮುಖ್ಯ: ಮೊದಲು ಒಣಧೂಳು, ಆಮೇಲೆ ಸೋಪು, ಆಮೇಲೆ ತುಕ್ಕು, ಬಿಳಿ ಮಾಡುವುದು ಕೊನೆಗೆ. ಈ ಕ್ರಮ ತಪ್ಪಿದರೆ ಏನಾಗುತ್ತದೆ ಅಂತ ಆಯಾ ಜಾಗದಲ್ಲಿ ಹೇಳುತ್ತೇನೆ.

ನೀರು ಮುಟ್ಟಿಸುವ ಮುಂಚೆ ಧೂಳು

ನಮ್ಮ ಊರಿನ ಕಿಟಕಿ ಬೇರೆ ಊರಿನದ್ದಕ್ಕಿಂತ ಬೇರೆಯಾಗುವುದು ಇಲ್ಲೇ. ಸಂಡೂರು, ತೋರಣಗಲ್ಲು, ಹೊಸಪೇಟೆ ರಸ್ತೆ ಕಡೆಯ ಮನೆಗಳ ಸ್ಲೈಡಿಂಗ್ ಚಾನೆಲ್‌ನಲ್ಲಿ ಬೆರಳಾಡಿಸಿ ನೋಡಿ. ಕೆಂಪಗೆ, ನುಣ್ಣಗೆ, ಬೆರಳಿನ ಗೆರೆಯಲ್ಲಿ ಕೂರುವಂಥ ಪುಡಿ. ಅದು ಅದಿರಿನ ಧೂಳು, ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡು. ಅದರ ಜೊತೆಗೆ ಬಳ್ಳಾರಿ, ಕೊಪ್ಪಳ ಸುತ್ತಮುತ್ತ ಅದಿರಿನಿಂದ ಕಬ್ಬಿಣ ತೆಗೆಯುವ ಸ್ಪಾಂಜ್ ಐರನ್ ಕಾರ್ಖಾನೆ ಇರುವ ಕಡೆ ಕಪ್ಪು ಧೂಳೂ ಬಂದು ಕೂರುತ್ತದೆ. ಇವೆರಡರ ಸ್ವಭಾವ ಬೇರೆ. ಕೆಂಪು ಧೂಳು ಆಗಲೇ ಆಕ್ಸೈಡ್ ಆಗಿರುವುದರಿಂದ ಅದು ಹೊಸದಾಗಿ ತುಕ್ಕು ಹಿಡಿಯುವುದಿಲ್ಲ, ಸಣ್ಣ ಗೀರು ತೂತುಗಳಲ್ಲಿ ಹೋಗಿ ಕೂರುತ್ತದೆ ಅಷ್ಟೇ. ಸ್ಪಾಂಜ್ ಐರನ್ ಧೂಳಿನಲ್ಲಿ ಹಸಿ ಕಬ್ಬಿಣವೇ, ಅಂದರೆ ಇನ್ನೂ ತುಕ್ಕು ಹಿಡಿಯದ ಕಬ್ಬಿಣವೇ ಇರುತ್ತದೆ. ಅದಕ್ಕೆ ನೀರು ತಾಗಿತೋ, ಒಂದು ರಾತ್ರಿ ಕಳೆಯುವುದರಲ್ಲಿ ಕೂತಲ್ಲೇ ತುಕ್ಕು ಹಿಡಿದು, ಬಿಳಿ ಚೌಕಟ್ಟಿನ ಮೇಲೆ ಸಾಸಿವೆ ಗಾತ್ರದ ಹಳದಿ ಚುಕ್ಕೆ ಬಿಡುತ್ತದೆ. ತೊಳೆದ ಮೇಲೇ ಕಿಟಕಿ ಜಾಸ್ತಿ ಹಳದಿಯಾಯಿತು ಅಂತ ಕೆಲವರು ಹೇಳುವುದು ಇದಕ್ಕೇ.

ನಿಮ್ಮ ಮನೆಯದ್ದು ಯಾವ ಧೂಳು ಅಂತ ತಿಳಿಯುವುದು ಸುಲಭ. ಹಳೇ ಸ್ಪೀಕರಿನದ್ದೋ ಫ್ರಿಜ್ ಮೇಲೆ ಅಂಟಿಸುವುದೋ ಒಂದು ಆಯಸ್ಕಾಂತ ತಗೊಂಡು, ಪೇಪರಿನಲ್ಲಿ ಸುತ್ತಿ, ಚಾನೆಲ್ ಮೇಲೆ ಓಡಿಸಿ. ಪೇಪರಿಗೆ ಕಪ್ಪು ಮೀಸೆ ಮೂಡಿದರೆ ಹಸಿ ಕಬ್ಬಿಣ ಇದೆ ಅಂತ. ಪೇಪರ್ ಸಮೇತ ಬಿಚ್ಚಿ ಕಸಕ್ಕೆ ಹಾಕಿ, ಮತ್ತೊಂದು ಪೇಪರ್ ಸುತ್ತಿ, ಮತ್ತೆ ಓಡಿಸಿ. ಅಂಟುವುದು ನಿಲ್ಲುವ ತನಕ ಇದನ್ನೇ ಮಾಡಿ. ಕೆಂಪು ಧೂಳು ಇದಕ್ಕೆ ಹೆಚ್ಚೇನೂ ಅಂಟುವುದಿಲ್ಲ.

ಉಳಿದ ಧೂಳಿಗೆ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಬ್ರಷ್ ಮೂತಿ ಹಾಕಿ ಎಳೆಯಿರಿ. ಇಲ್ಲದಿದ್ದರೆ ಎರಡು ಇಂಚಿನ ಹೊಸ ಪೇಂಟ್ ಬ್ರಷ್ ಸಾಕು, ಮೇಲಿನಿಂದ ಕೆಳಗೆ, ಒಳಗಿನಿಂದ ಹೊರಗೆ. ಒಣಬಟ್ಟೆಯಿಂದ ಒರೆಸಬೇಡಿ. ಅದಿರಿನ ಧೂಳು ಇರಲಿ, ರಾಯಚೂರಲ್ಲಿ ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ ಇರಲಿ, ಸಿಂಧನೂರು ಗಂಗಾವತಿ ಕಡೆ ರೈಸ್ ಮಿಲ್ಲಿನ ಹೊಟ್ಟಿನ ಬೂದಿ ಇರಲಿ, ಎಲ್ಲವೂ ಪ್ಲಾಸ್ಟಿಕ್‌ಗಿಂತ ಗಟ್ಟಿ. ಒಣಬಟ್ಟೆಯಲ್ಲಿ ಒತ್ತಿ ಒರೆಸಿದರೆ ಮರಳು ಕಾಗದ ಉಜ್ಜಿದ ಹಾಗೆ ಗೀರು ಬೀಳುತ್ತದೆ, ಆ ಗೀರಿನಲ್ಲಿ ಮುಂದಿನ ಧೂಳು ಕೂರುತ್ತದೆ. ಬೂದಿ ಜಾಸ್ತಿ ಇರುವ ಮನೆಯವರು ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ.

ಚಾನೆಲ್ ಕೆಳಗೆ ಉದ್ದಕ್ಕೆ ಸಣ್ಣ ಸೀಳು ಇರುತ್ತವೆ, ಮಳೆನೀರು ಹೊರಗೆ ಹೋಗಲಿ ಅಂತ ಬಿಟ್ಟದ್ದು. ನಮ್ಮ ಕಡೆ ಅವು ಮುಚ್ಚಿರುವುದೇ ಹೆಚ್ಚು. ಕಸಬರಿಗೆ ಕಡ್ಡಿ ತೂರಿಸಿ ಬಿಡಿಸಿ. ಇದು ಬಿಟ್ಟುಹೋದರೆ ತೊಳೆದ ನೀರು ಚಾನೆಲ್‌ನಲ್ಲೇ ಕೆಂಪು ರಾಡಿಯಾಗಿ ನಿಲ್ಲುತ್ತದೆ.

ಸೋಪು ನೀರು

ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಪಾತ್ರೆ ಲಿಕ್ವಿಡ್. ಕುದಿಯುವ ನೀರು ಬೇಡ. ಮೆತ್ತನೆಯ ಸ್ಪಾಂಜ್ ಅಥವಾ ಬನಿಯನ್ ಬಟ್ಟೆಯಲ್ಲಿ ಮೇಲಿನಿಂದ ಶುರುಮಾಡಿ, ಮೂಲೆಗೆ ಹಳೇ ಟೂತ್‌ಬ್ರಷ್. ನೀರು ಕೆಂಪಾದ ತಕ್ಷಣ ಚೆಲ್ಲಿ ಬೇರೆ ತಗೊಳ್ಳಿ, ಅದೇ ನೀರಲ್ಲಿ ಎಲ್ಲ ಕಿಟಕಿ ಮುಗಿಸುತ್ತೇನೆ ಅಂದರೆ ಧೂಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಚ್ಚಿದಂತಾಗುತ್ತದೆ.

ಕೊನೆಯಲ್ಲಿ ತೊಳೆಯುವ ನೀರಿನ ಬಗ್ಗೆ ಒಂದು ಮಾತು. ಬೋರ್ ನೀರಲ್ಲಿ ತೊಳೆದು ಹಾಗೇ ಬಿಟ್ಟರೆ ಬಿಸಿಲಿಗೆ ಆರಿ ಬಿಳಿ ಉಪ್ಪಿನ ಚುಕ್ಕೆ ಉಳಿಯುತ್ತದೆ, ಅದರ ಮೇಲೆ ಧೂಳು ಕೂತು ಕ್ರಮೇಣ ಹಳದಿ ಪದರ ಆಗುತ್ತದೆ. ನಲ್ಲಿ ನೀರು ಬಂದ ದಿನ ಕೆಲಸ ಇಟ್ಟುಕೊಳ್ಳಿ, ಇಲ್ಲವಾದರೆ ಕೊನೆಯ ಒರೆಸುವಿಕೆಗಾದರೂ ಕ್ಯಾನಿನ ಫಿಲ್ಟರ್ ನೀರು ಬಳಸಿ, ಒಂದು ಕಿಟಕಿಗೆ ಒಂದು ಚೊಂಬು ಸಾಕಾಗುತ್ತದೆ. ಆಗಲೇ ಬಿಳಿ ಪದರ ಕಟ್ಟಿದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಹತ್ತು ನಿಮಿಷ ಆ ಜಾಗಕ್ಕೆ ಅಂಟಿಸಿಟ್ಟು ಒರೆಸಿ.

ಅಡುಗೆಮನೆ ಕಿಟಕಿ ಮಾತ್ರ ಇಷ್ಟಕ್ಕೆ ಬಗ್ಗುವುದಿಲ್ಲ. ಮಿರ್ಚಿ ಬಜ್ಜಿ, ಒಗ್ಗರಣೆ, ರೊಟ್ಟಿ ಹೊಗೆ ಎಲ್ಲ ಸೇರಿ ಜಿಡ್ಡು ಗೋಂದಿನ ಹಾಗೆ ಗಟ್ಟಿಯಾಗಿರುತ್ತದೆ, ಅದರೊಳಗೆ ಧೂಳು ಸಿಕ್ಕಿಕೊಂಡಿರುತ್ತದೆ. ಮೂರು ಪಾಲು ಅಡುಗೆ ಸೋಡಾಕ್ಕೆ ಒಂದು ಪಾಲು ನೀರು ಹಾಕಿ ಚಟ್ನಿ ಹದಕ್ಕೆ ಕಲಸಿ, ಅದಕ್ಕೆ ನಾಲ್ಕು ಹನಿ ಪಾತ್ರೆ ಲಿಕ್ವಿಡ್ ಸೇರಿಸಿ ಹಚ್ಚಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಒದ್ದೆ ಸ್ಪಾಂಜಿನಲ್ಲಿ ಮೆಲ್ಲಗೆ ತಿಕ್ಕಿ. ಸೋಡಾ ಹರಳು ಮೆತ್ತಗಿರುವುದರಿಂದ ಪ್ಲಾಸ್ಟಿಕ್ ಮೇಲೆ ಆಳವಾದ ಗೀರು ಬೀಳುವುದಿಲ್ಲ. ಸೋಡಾ ಜೊತೆ ವಿನೆಗರ್ ಸುರಿದು ನೊರೆ ತೋರಿಸುವ ವಿಡಿಯೋಗಳಿವೆಯಲ್ಲ, ನೊರೆ ಚೆನ್ನಾಗಿ ಬರುತ್ತದೆ, ಕೆಲಸ ಆಗುವುದಿಲ್ಲ. ಒಂದು ಕ್ಷಾರ, ಇನ್ನೊಂದು ಆಮ್ಲ, ಎರಡೂ ಒಂದನ್ನೊಂದು ಕೊಂದು ಬರೀ ಉಪ್ಪುನೀರು ಉಳಿಯುತ್ತದೆ.

ಕವರಿನ ಅಂಟಿಗೆ ತೆಂಗಿನೆಣ್ಣೆ ಸಾಕು. ಹಚ್ಚಿ, ಒಂದು ಗಂಟೆ ಬಿಟ್ಟು, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಎಬ್ಬಿಸಿ, ಮತ್ತೆ ಸೋಪು ಹಾಕಿ ತೊಳೆಯಿರಿ. ಕವರೇ ತುಂಡುತುಂಡಾಗಿ ಹರಿಯುತ್ತಿದ್ದರೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ ಇಟ್ಟು ಮೆತ್ತಗಾದ ಮೇಲೆ ಮೂಲೆಯಿಂದ ಎಳೆಯಿರಿ. ಪುಟ್ಟಿ, ಸಿಮೆಂಟ್ ಹನಿ ಇದ್ದರೆ ಅದಕ್ಕೂ ವಿನೆಗರ್ ಬಟ್ಟೆ, ಆಮೇಲೆ ಅದೇ ಕಾರ್ಡ್. ಬ್ಲೇಡ್ ಬೇಡ.

ತುಕ್ಕಿಗೆ ಹುಳಿ

ಸೋಪಿಗೆ ಹೋಗದ ಕಂದುಹಳದಿ ಗೆರೆ, ಚುಕ್ಕೆ ಉಳಿದಿದ್ದರೆ ಅದು ತುಕ್ಕು. ನಮ್ಮ ಮನೆಗಳಲ್ಲಿ ಯುಪಿವಿಸಿ ಕಿಟಕಿ ಮುಂದೆ ಕಬ್ಬಿಣದ ಗ್ರಿಲ್ ಇರಲೇಬೇಕಲ್ಲ, ಗ್ರಿಲ್ಲಿನ ಬಣ್ಣ ಎದ್ದ ಜಾಗದಿಂದ ಪ್ರತಿ ಮಳೆಗೂ ಒಂದು ಹನಿ ಇಳಿಯುತ್ತದೆ. ಕಿಟಕಿ ತೊಳೆಯುವ ಮುಂಚೆ ಆ ಗ್ರಿಲ್ಲಿಗೆ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ ಬಣ್ಣ ಹೊಡೆಸಿಬಿಡಿ. ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ಇದೇ ಕಥೆ.

ಬ್ಲೀಚ್ ಬೇಡ ಅಂದಿದ್ದು ಇದಕ್ಕೇ. ಬ್ಲೀಚಿಂಗ್ ಪೌಡರ್ ತುಕ್ಕನ್ನು ಕರಗಿಸುವುದಿಲ್ಲ. ಅರೆಬರೆ ಕರಗಿದ ಕಬ್ಬಿಣವನ್ನೂ ಅದು ಪೂರ್ತಿ ತುಕ್ಕಾಗಿಸಿ ಕೂರಿಸುತ್ತದೆ. ಚಾನೆಲ್‌ನಲ್ಲಿ ಉಳಿದ ಹಸಿ ಕಬ್ಬಿಣದ ಪುಡಿಗೆ ಬ್ಲೀಚ್ ತಾಗಿದರಂತೂ ಇನ್ನೂ ಬೇಗ ತುಕ್ಕು. ರೋಲರ್, ಲಾಕ್, ಸ್ಕ್ರೂಗಳಿಗೂ ಅದು ಒಳ್ಳೆಯದಲ್ಲ.

ತುಕ್ಕಿಗೆ ಬೇಕಾದದ್ದು ಹುಳಿ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ತಿಕ್ಕುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಹುಣಸೆರಸಕ್ಕೆ ಅದರದ್ದೇ ಕಂದುಬಣ್ಣ ಇರುವುದರಿಂದ ಬಿಳಿ ಕಿಟಕಿಗೆ ಬೇಡ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುತ್ತದೆ, ಅದು ಸಿಟ್ರಿಕ್ ಆಸಿಡ್ ಹರಳು. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಹಾಕಿ ಕರಗಿಸಿ. ಹತ್ತಿ ಅಥವಾ ಟಿಶ್ಯೂ ಪೇಪರನ್ನು ಅದರಲ್ಲಿ ನೆನೆಸಿ ಕಲೆಯ ಮೇಲೆ ಅಂಟಿಸಿ, ಆರದ ಹಾಗೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಅರ್ಧ ಗಂಟೆಗೆ ತೆಗೆದು ನೋಡಿದರೆ ಹತ್ತಿಯೇ ಹಳದಿಯಾಗಿರುತ್ತದೆ. ಹಳೇ ಕಲೆಗೆ ಎರಡು ಮೂರು ಸಲ ಹಾಕಬೇಕಾಗಬಹುದು.

ಇದಕ್ಕೂ ಬಗ್ಗದಿದ್ದರೆ ಆಕ್ಸಾಲಿಕ್ ಆಸಿಡ್ ಪುಡಿ, ಕೆಮಿಕಲ್ ಅಂಗಡಿಯಲ್ಲಿ ಕೇಳಿ. ಒಂದು ಲೀಟರ್‌ಗೆ ಐವತ್ತು ಗ್ರಾಂ. ತುಕ್ಕಿಗೆ ಇದರಷ್ಟು ಒಳ್ಳೆಯ ಮದ್ದು ಇನ್ನೊಂದಿಲ್ಲ, ಆದರೆ ಇದು ವಿಷ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ, ಪುಡಿ ಮೂಗಿಗೆ ಹಾರದ ಹಾಗೆ ನೋಡಿಕೊಳ್ಳಿ, ಕಲಸಿದ್ದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಯಾವತ್ತೂ ಇಡಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ನಿಂಬೆ ಉಪ್ಪಿನಲ್ಲೇ ತಾಳ್ಮೆಯಿಂದ ಮುಗಿಸಿ. ಆಕ್ಸಾಲಿಕ್ ಪುಡಿಯನ್ನು ಬೋರ್ ನೀರಲ್ಲಿ ಕಲಸಿದರೆ ನೀರಿನ ಸುಣ್ಣದ ಅಂಶ ಸೇರಿ ಬಿಳಿ ಪುಡಿ ಕೆಳಗೆ ಕೂರುತ್ತದೆ, ಆಸಿಡ್ ಅಲ್ಲೇ ಖರ್ಚಾಗಿಹೋಗುತ್ತದೆ. ಹಾಗಾಗಿ ಫಿಲ್ಟರ್ ನೀರಲ್ಲೇ ಕಲಸಿ. ಕೆಲಸ ಮುಗಿದ ಮೇಲೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ.

ಒಂದು ಎಚ್ಚರಿಕೆ, ಇದನ್ನು ಮಾತ್ರ ಮರೆಯಬೇಡಿ: ಮುಂಚೆ ಬ್ಲೀಚ್ ಹಾಕಿದ ಕಿಟಕಿಗೆ ಅದನ್ನು ಪೂರ್ತಿ ತೊಳೆಯದೆ ಯಾವ ಹುಳಿಯನ್ನೂ ಹಚ್ಚಬಾರದು. ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಬಾತ್‌ರೂಮ್ ಆಸಿಡ್ಡಿಗೂ ಇದೇ ಮಾತು. ಅಮೋನಿಯಾ ಇರುವ ಗ್ಲಾಸ್ ಕ್ಲೀನರನ್ನೂ ಬ್ಲೀಚ್ ಜೊತೆ ಸೇರಿಸಬೇಡಿ.

ಬಿಸಿಲಿನ ಹಳದಿ

ಇಷ್ಟೆಲ್ಲ ಆದ ಮೇಲೂ ಪಶ್ಚಿಮದ ಕಿಟಕಿ, ದಕ್ಷಿಣದ ಕಿಟಕಿ ಮಾಸಲು ಹಳದಿಯಾಗಿಯೇ ಇದ್ದರೆ, ಉತ್ತರದ್ದು ಮಾತ್ರ ಬೆಳ್ಳಗಿದ್ದರೆ, ಅದು ಬಿಸಿಲಿನ ಕೆಲಸ. ಪಿವಿಸಿಗೆ ಬಿಸಿಲಿನ ಅಲ್ಟ್ರಾವೈಲೆಟ್ ಕಿರಣವೂ ಶಾಖವೂ ಒಟ್ಟಿಗೆ ತಾಗಿದಾಗ ಅದರ ಅಣುಗಳ ಸರಪಳಿಯಿಂದ ಹೈಡ್ರೋಜನ್ ಮತ್ತು ಕ್ಲೋರಿನ್ ಕಳಚಿ ಹೋಗುತ್ತವೆ. ಅವು ಹೋದ ಜಾಗದಲ್ಲಿ ಕೊಂಡಿಗಳು ಬದಲಾಗಿ ಸಾಲಾಗಿ ನಿಲ್ಲುತ್ತವೆ, ಸಾಲು ಉದ್ದವಾದಷ್ಟೂ ಅದು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಹಳದಿ ಕಾಣುತ್ತದೆ. ಇದನ್ನು ತಡೆಯಲಿ ಅಂತಲೇ ಪಟ್ಟಿ ತಯಾರಿಸುವಾಗ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಬೆರೆಸುತ್ತಾರೆ. ಅದು ಬಿಳಿ ಬಣ್ಣವನ್ನೂ ಕೊಡುತ್ತದೆ, ಕಿರಣವನ್ನು ಮೇಲ್ಮೈಯಲ್ಲೇ ತಡೆಯುತ್ತದೆ. ದುಬಾರಿ ಪುಡಿ, ಹಾಗಾಗಿ ಅಗ್ಗದ ಪಟ್ಟಿಯಲ್ಲಿ ಅದನ್ನೇ ಕಡಿಮೆ ಮಾಡುತ್ತಾರೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಅದರ ಬಂಡವಾಳ ಬೇಗ ಬಯಲಾಗುತ್ತದೆ.

ಸಮಾಧಾನದ ವಿಷಯ ಏನಂದರೆ ಈ ಹಳದಿ ಇರುವುದು ಮೇಲಿನ ತೀರಾ ತೆಳು ಪದರದಲ್ಲಿ. ಹೈಡ್ರೋಜನ್ ಪೆರಾಕ್ಸೈಡ್ ಆ ಬದಲಾದ ಕೊಂಡಿಗಳನ್ನು ಮುರಿಯುತ್ತದೆ, ಬಣ್ಣ ಇಳಿಯುತ್ತದೆ. ಹೊಸದರ ಹಾಗೆ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮುಕ್ಕಾಲು ಪಾಲು ತಿಳಿಯಾದರೆ ಅದೇ ಗೆಲುವು.

ಮೆಡಿಕಲ್ ಶಾಪಿನಲ್ಲಿ ಸಿಗುವುದು ನೀರಿನಂಥ ಪೆರಾಕ್ಸೈಡ್, ಬಾಟಲಿ ಮೇಲೆ ಶೇಕಡಾ 6 ಅಥವಾ 20 ವಾಲ್ಯೂಮ್ ಅಂತ ಇರುತ್ತದೆ, ಎರಡೂ ಒಂದೇ. ನಿಂತ ಚೌಕಟ್ಟಿನ ಮೇಲೆ ಅದು ನಿಲ್ಲುವುದಿಲ್ಲ, ಜಾರಿ ಇಳಿಯುತ್ತದೆ. ಅದಕ್ಕಿಂತ ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಕೂದಲಿಗೆ ಬಣ್ಣ ಹಾಕುವಾಗ ಬೆರೆಸುವ ಡೆವಲಪರ್ ಕ್ರೀಮ್ ತಗೊಳ್ಳಿ. 20 ವಾಲ್ಯೂಮ್‌ನಿಂದ ಶುರುಮಾಡಿ. 30 ವಾಲ್ಯೂಮ್ ಅಂದರೆ ಶೇಕಡಾ 9, ಹಳದಿ ಗಟ್ಟಿಯಿದ್ದರೆ ಅದು. ಅದಕ್ಕಿಂತ ಮೇಲಿನದ್ದು ಮನೆ ಕೆಲಸಕ್ಕೆ ಬೇಡ, ಚರ್ಮ ಸುಡುತ್ತದೆ.

ತುಕ್ಕು ಮೊದಲು ತೆಗೆಯಿರಿ ಅಂದಿದ್ದರ ಕಾರಣ ಈಗ ಬಂತು. ಕಬ್ಬಿಣ ತಾಗಿದರೆ ಪೆರಾಕ್ಸೈಡ್ ಅಲ್ಲೇ ಒಡೆದು ಆಮ್ಲಜನಕವಾಗಿ ಹಾರಿಹೋಗುತ್ತದೆ. ಹಚ್ಚಿದ ತಕ್ಷಣ ಗುಳ್ಳೆ ಗುಳ್ಳೆ ಏಳುತ್ತಿದ್ದರೆ ಮದ್ದು ಕೆಲಸ ಮಾಡುತ್ತಿದೆ ಅಂತ ಖುಷಿಪಡಬೇಡಿ, ಕಬ್ಬಿಣವೋ ಇನ್ನೇನೋ ಕೊಳೆಯೋ ಉಳಿದಿದೆ ಅಂತ ಅರ್ಥ. ಒರೆಸಿ, ತೊಳೆದು, ಮತ್ತೆ ನಿಂಬೆ ಉಪ್ಪಿನಿಂದ ಶುರು.

ಕೆಲಸಕ್ಕೆ ಒಳ್ಳೆಯ ಕಾಲ ದಸರೆಯಿಂದ ಶಿವರಾತ್ರಿ ತನಕ. ಹೇಗೂ ಹಬ್ಬಕ್ಕೆ ಮನೆ ಸ್ವಚ್ಛ ಮಾಡುತ್ತೇವೆ, ಅದರ ಜೊತೆಗೇ ಹಾಕಿಕೊಳ್ಳಬಹುದು. ಮದ್ದಿಗೆ ಬಿಸಿಲು ಬೇಕು, ಬೆಳಕಿನಲ್ಲೇ ಅದು ಚುರುಕು. ಆದರೆ ಏಪ್ರಿಲ್ ಮೇ ಬಿಸಿಲಿನಲ್ಲಿ ಕ್ರೀಮ್ ಹಚ್ಚಿ ತಿರುಗುವಷ್ಟರಲ್ಲಿ ಆರಿಹೋಗಿರುತ್ತದೆ, ಆರಿದ ಕಡೆ ಒಂದು ಬಣ್ಣ, ಒದ್ದೆ ಇದ್ದ ಕಡೆ ಇನ್ನೊಂದು ಬಣ್ಣ ಆಗಿ ಪಟ್ಟೆ ಪಟ್ಟೆ ಕಾಣುತ್ತದೆ. ಆ ಪಟ್ಟೆ ಹೋಗಿಸುವುದು ಮೊದಲಿನ ಹಳದಿಗಿಂತ ಕಷ್ಟ.

ಪೂರ್ವದ ಕಿಟಕಿಗೆ ಬೆಳಗಿನ ಎಂಟು ಗಂಟೆ, ಪಶ್ಚಿಮದ್ದಕ್ಕೆ ಮಧ್ಯಾಹ್ನ ಮೂರರ ಮೇಲೆ. ರಬ್ಬರ್ ಬೀಡಿಂಗ್, ಹ್ಯಾಂಡಲ್, ಲಾಕ್, ಗೋಡೆಯ ಬಣ್ಣ, ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಾಕಿ. ಗ್ಲೌಸ್ ಹಾಕಿಕೊಳ್ಳಿ, ಕನ್ನಡಕವೂ ಇರಲಿ, ಕ್ರೀಮ್ ಬೆರಳಿಗೆ ತಾಗಿದರೆ ಚರ್ಮ ಬೆಳ್ಳಗಾಗಿ ಚುರುಗುಟ್ಟುತ್ತದೆ. ಬ್ರಷ್ಷಿನಿಂದ ಒಂದೇ ದಪ್ಪಕ್ಕೆ, ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಪೂರ್ತಿ ಪಟ್ಟಿಗೆ ಹಚ್ಚಿ. ಮಧ್ಯಕ್ಕೆ ನಿಲ್ಲಿಸಿದರೆ ಆ ಗೆರೆ ಕಾಣುತ್ತದೆ. ತಕ್ಷಣ ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿ, ಒಳಗೆ ಗಾಳಿಗುಳ್ಳೆ ಇರದ ಹಾಗೆ ಸವರಿ. ಅರ್ಧ ಗಂಟೆಗೊಮ್ಮೆ ನೋಡಿ, ಎಲ್ಲಾದರೂ ಆರುತ್ತಿದ್ದರೆ ಫಿಲ್ಮ್ ಎತ್ತಿ ಮತ್ತೆ ಸ್ವಲ್ಪ ಹಚ್ಚಿ. ಎರಡು ಮೂರು ಗಂಟೆ ಸಾಕು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ತೊಳೆಯಿರಿ. ಸಾಲದು ಅನಿಸಿದರೆ ಅದೇ ದಿನ ಮತ್ತೆ ಹಚ್ಚಬೇಡಿ, ಮಾರನೇ ದಿನ ನೋಡಿ ಹಚ್ಚಿ. ಮೊದಲು ಕಣ್ಣಿಗೆ ಬೀಳದ ಕೆಳಗಿನ ಮೂಲೆಯಲ್ಲಿ ಎರಡು ಬೆರಳಗಲ ಪ್ರಯತ್ನಿಸಿ ನೋಡಿದ ಮೇಲೇ ಪೂರ್ತಿ ಕಿಟಕಿಗೆ ಕೈ ಹಾಕಿ, ಇದು ಹೇಳದೆಯೂ ಗೊತ್ತಿರುವ ಮಾತು, ಆದರೂ ಯಾರೂ ಮಾಡುವುದಿಲ್ಲ.

ಮಹಡಿ ಮನೆಯವರು ಹೊರಗಿನ ಭಾಗಕ್ಕಾಗಿ ಕಿಟಕಿ ಮೇಲೆ ಹತ್ತಿ ನಿಲ್ಲಬೇಡಿ. ಸ್ಲೈಡಿಂಗ್ ಶಟರನ್ನು ಸಾಮಾನ್ಯವಾಗಿ ಮೇಲಕ್ಕೆ ಎತ್ತಿ, ಕೆಳಭಾಗವನ್ನು ಒಳಗೆ ಎಳೆದರೆ ಬಿಡಿಸಿಕೊಂಡು ಬರುತ್ತದೆ. ಗಾಜು ಭಾರ ಇರುತ್ತದೆ, ಇಬ್ಬರು ಬೇಕು. ಮಾಳಿಗೆಯ ಮೇಲೆ ಹಳೇ ಚಾದರ ಹಾಸಿ ಮಲಗಿಸಿದರೆ ಕ್ರೀಮ್ ಇಳಿಯುವ ತಂಟೆಯೇ ಇಲ್ಲ.

ಬೇಡವೇ ಬೇಡದವು

ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ಅಸಿಟೋನ್ ಹಚ್ಚಿದರೆ ಆ ಕ್ಷಣಕ್ಕೆ ಬಿಳಿಯಾದ ಹಾಗೆ ಕಾಣುತ್ತದೆ. ಮೇಲ್ಪದರ ಮೆತ್ತಗಾಗಿ ಕರಗಿ ಬಟ್ಟೆಗೆ ಬರುತ್ತಿರುತ್ತದೆ, ಅದಕ್ಕೆ. ಆರಿದ ಮೇಲೆ ಹೊಳಪು ಹೋಗಿ ಒರಟಾಗುತ್ತದೆ, ಮುಂದಿನ ವರ್ಷ ಧೂಳು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಕಿಟಕಿ ಕೂರಿಸುವವರ ಹತ್ತಿರ ಯುಪಿವಿಸಿ ಕ್ಲೀನರ್ ಅಂತ ಡಬ್ಬಿ ಇರುತ್ತದೆ. ಅದರಲ್ಲೂ ಪ್ಲಾಸ್ಟಿಕ್ ಕರಗಿಸುವುದು, ಕರಗಿಸದೇ ಇರುವುದು ಅಂತ ಬೇರೆ ಬೇರೆ ಇವೆ, ಕೇಳಿ ಕರಗಿಸದೇ ಇರುವುದನ್ನೇ ತಗೊಳ್ಳಿ.

ಸ್ಟೀಲ್ ನಾರು, ಸಬೀನಾ ಥರದ ಪುಡಿ, ಇಟ್ಟಿಗೆ ಪುಡಿ, ಯಾವುದೂ ಬೇಡ. ಮ್ಯಾಜಿಕ್ ಸ್ಪಾಂಜ್ ಅಂತ ಆನ್‌ಲೈನ್‌ನಲ್ಲಿ ಬರುವುದು ಮೆಲಮೈನ್, ಅದೂ ತೀರಾ ನುಣುಪಾದ ಮರಳು ಕಾಗದವೇ. ಒಂದೆರಡು ಚುಕ್ಕೆಗೆ ಬಳಸಬಹುದು, ಇಡೀ ಚೌಕಟ್ಟಿಗೆ ಬೇಡ. ಟೂತ್‌ಪೇಸ್ಟ್ ಬಗ್ಗೆ ಕೇಳುತ್ತಾರೆ: ಸ್ವಿಚ್ ಬೋರ್ಡ್ ಕೊಳೆಗೆ ಪರವಾಗಿಲ್ಲ, ಬಿಸಿಲಿನ ಹಳದಿಗೆ ಏನೂ ಆಗುವುದಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಕಿಟಕಿಗೆ ಹಚ್ಚಿದವರೂ ಇದ್ದಾರೆ, ಮೂಲೆ ಮೂಲೆಯಲ್ಲಿ ನೀಲಿ ಉಳಿಯುತ್ತದೆ, ಹಳದಿಯೂ ಉಳಿಯುತ್ತದೆ.

ಹಳೇ ಕಿಟಕಿಯನ್ನು ಒರೆಸಿದಾಗ ಕೈಗೆ ಸುಣ್ಣದ ಹಾಗೆ ಬಿಳಿ ಪುಡಿ ಬಂದರೆ ಮೇಲ್ಪದರ ಸವೆದಿದೆ ಅಂತ. ಅದನ್ನು ಒಣದಾಗಿ ಮರಳು ಕಾಗದದಲ್ಲಿ ಉಜ್ಜಬೇಡಿ, ಹಳೇ ಪಿವಿಸಿಯಲ್ಲಿ ಸೀಸ ಬೆರೆಸುವ ರೂಢಿ ಇತ್ತು. ಅಂಥ ಕಿಟಕಿಗೆ ಪೆರಾಕ್ಸೈಡಿನಿಂದ ಆಗುವ ಲಾಭವೂ ಕಡಿಮೆ, ಪೇಂಟೇ ದಾರಿ. ಸಾದಾ ಎನಾಮಲ್ ಹೊಡೆದರೆ ಸಿಪ್ಪೆಯಾಗಿ ಏಳುತ್ತದೆ, ಮೊದಲು ಪಿವಿಸಿಗೆ ಹಿಡಿಯುವ ಪ್ಲಾಸ್ಟಿಕ್ ಪ್ರೈಮರ್ ಹಾಕಿಸಿ. ಬಣ್ಣ ಬಿಳಿಯೋ ತಿಳಿಯೋ ಇರಲಿ. ಕಂದು, ಕಪ್ಪು ಬಣ್ಣ ಚೆಂದ ಕಾಣುತ್ತದೆ ಅಂತ ಪೇಂಟರ್ ಹೇಳಿದರೂ ಒಪ್ಪಬೇಡಿ. ಈ ಪ್ಲಾಸ್ಟಿಕ್ ಎಪ್ಪತ್ತೈದು ಎಂಬತ್ತು ಡಿಗ್ರಿಗೆ ಮೆತ್ತಗಾಗುತ್ತದೆ, ಬಳ್ಳಾರಿ ಬಿಸಿಲಿಗೆ ಕಪ್ಪು ಪಟ್ಟಿ ಕಾದು ಡೊಂಕಾದರೆ ಶಟರೇ ಸರಿಯುವುದಿಲ್ಲ.

ಮತ್ತೆ ಬೇಗ ಹಳದಿಯಾಗದಿರಲು

ಪೆರಾಕ್ಸೈಡ್ ಹಚ್ಚಿದ ಕಿಟಕಿಗೆ ಬಿಸಿಲು ಬೀಳುವುದು ತಪ್ಪುವುದಿಲ್ಲ, ಹಳದಿ ಮರಳಿ ಬರುತ್ತದೆ. ತಡಮಾಡಬಹುದು ಅಷ್ಟೇ. ಪೂರ್ತಿ ಆರಿದ ಮೇಲೆ ಕಾರಿಗೆ ಹಾಕುವ ಯುವಿ ತಡೆಯುವ ಪಾಲಿಶ್ ತೆಳ್ಳಗೆ ಹಚ್ಚಿ ಒರೆಸಿ, ಧೂಳು ಅಂಟುವುದೂ ಕಡಿಮೆಯಾಗುತ್ತದೆ. ಪಶ್ಚಿಮಕ್ಕೆ ಒಂದು ಶೀಟು ಇಳಿಬಿಟ್ಟರೆ, ಇಲ್ಲವೇ ಬಿದಿರಿನ ಪರದೆ ಹೊರಗಡೆ ಕಟ್ಟಿದರೆ ಪಾಲಿಶ್‌ಗಿಂತ ಅದೇ ಜಾಸ್ತಿ ಬಾಳುತ್ತದೆ. ಒಳಗಿನ ಕರ್ಟನ್‌ನಿಂದ ಹೊರಗಿನ ಚೌಕಟ್ಟಿಗೆ ಪ್ರಯೋಜನ ಇಲ್ಲ.

ಶಟರ್ ಕಿರುಗುಟ್ಟುತ್ತದೆ ಅಂತ ಚಾನೆಲ್‌ಗೆ ಕೊಬ್ಬರಿ ಎಣ್ಣೆ, ಹೊಲಿಗೆ ಮಷೀನ್ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿ ಇದೆ. ಬಿಡಬೇಡಿ. ಎಣ್ಣೆಗೆ ಅದಿರಿನ ಧೂಳು ಸೇರಿದರೆ ಅದು ಉಜ್ಜುವ ಪೇಸ್ಟು, ರೋಲರನ್ನೂ ಚಾನೆಲನ್ನೂ ಸವೆಸಿಬಿಡುತ್ತದೆ. ಆರಿದ ಮೇಲೆ ಜಿಡ್ಡು ಉಳಿಯದ ಸಿಲಿಕಾನ್ ಸ್ಪ್ರೇ ಸಿಗುತ್ತದೆ, ಅದನ್ನು ಬಟ್ಟೆಗೆ ಹೊಡೆದುಕೊಂಡು ಚಾನೆಲ್ ಮತ್ತು ರಬ್ಬರಿಗೆ ಒರೆಸಿ.

ಉಳಿದದ್ದು ಬ್ರಷ್ಷಿನ ಕೆಲಸ. ವಾರಕ್ಕೊಮ್ಮೆ ಚಾನೆಲ್, ತಿಂಗಳಿಗೊಮ್ಮೆ ಸೋಪು ನೀರು, ಮುಂಗಾರಿಗೆ ಮುಂಚೆ ಒಮ್ಮೆ ಆಯಸ್ಕಾಂತ. ಮೊದಲ ಮಳೆ ಬೀಳುವಾಗ ಚಾನೆಲ್‌ನಲ್ಲಿ ಹಸಿ ಕಬ್ಬಿಣ ಇರಬಾರದು, ಅಷ್ಟು ನೋಡಿಕೊಂಡರೆ ತುಕ್ಕಿನ ಚುಕ್ಕೆ ತುಂಬಾ ಕಡಿಮೆಯಾಗುತ್ತದೆ. ಹೊಸದಾಗಿ ಕಿಟಕಿ ಹಾಕಿಸುವವರು ಇದ್ದರೆ ಬಣ್ಣಕ್ಕೆ ಎಷ್ಟು ವರ್ಷ ವಾರಂಟಿ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಪಟ್ಟಿ ತಯಾರಿಸಿದ ಕಂಪನಿಯ ಹೆಸರು ಒಳಬದಿಯಲ್ಲಿ ಅಚ್ಚಾಗಿದೆಯಾ ನೋಡಿ, ಕೂರಿಸಿ ಸುಣ್ಣ ಬಣ್ಣ ಮುಗಿದ ವಾರವೇ ಆ ಕವರನ್ನು ಕಿತ್ತುಹಾಕಿ.